ಎಂಜಿನ್ ಇಲ್ಲದ ಗಾಡಿಗೆ ವಿಮೆ ಮತ್ತು ರಸ್ತೆ ನೆರವು: ಅಮೆರಿಕದಲ್ಲಿ ಟ್ರಾವೆಲ್ ಟ್ರೇಲರ್ ಇಟ್ಟುಕೊಂಡವರಿಗೆ

ವಯೋಮಿಂಗ್‌ನ ಐ-80 ಹೆದ್ದಾರಿ. ಲಾರಮಿ ದಾಟಿ ರಾಲಿನ್ಸ್ ಕಡೆಗೆ ಹೋಗುತ್ತಿದ್ದೆವು. ಪಿಕಪ್‌ನ ಹಿಂದೆ ಟ್ರಾವೆಲ್ ಟ್ರೇಲರ್, ಅಂದರೆ ಎಳೆದುಕೊಂಡು ಹೋಗುವ ಚಕ್ರದ ಮನೆ. ಗಾಳಿ ಜೋರಾಗಿತ್ತು. ಸಂಜೆ ಆರರ ಹೊತ್ತಿಗೆ ಪಿಕಪ್‌ನ ವಾಟರ್ ಪಂಪ್ ಕೈಕೊಟ್ಟಿತು. ರಸ್ತೆ ಬದಿಗೆ ನಿಲ್ಲಿಸಿ, ನೆರವಿನ ನಂಬರಿಗೆ ಫೋನ್ ಮಾಡಿದೆ. ಒಂದೂವರೆ ಗಂಟೆ ಕಾದ ಮೇಲೆ, ಕೆಟ್ಟ ಗಾಡಿ ಎಳೆದೊಯ್ಯುವ ಟೋ ಟ್ರಕ್ ಬಂತು. ಡ್ರೈವರ್ ಪಿಕಪ್ ನೋಡಿದ, ಹಿಂದಿದ್ದ 26 ಅಡಿಯ ಟ್ರೇಲರ್ ನೋಡಿದ, ಆಮೇಲೆ ತನ್ನ ಫೋನ್ ನೋಡಿದ. ಅವನಿಗೆ ಬಂದಿದ್ದ ಆರ್ಡರ್ ಪಿಕಪ್‌ಗೆ ಮಾತ್ರ. ಟ್ರೇಲರ್ ಅದರಲ್ಲಿ ಇರಲಿಲ್ಲ.

ನಾನು ದುಡ್ಡು ಕಟ್ಟಿದ್ದು "ಆರ್‌ವಿ ಪ್ಲಾನ್" ಅಂತಲೇ. ಆರ್‌ವಿ ಅಂದರೆ ಒಳಗೇ ಉಳಿದುಕೊಳ್ಳಬಹುದಾದ ಪ್ರವಾಸದ ಗಾಡಿ. ಆದರೆ ಆ ಪ್ಲಾನ್‌ನ ಲೆಕ್ಕದಲ್ಲಿ ಕೆಟ್ಟಿದ್ದು ಪಿಕಪ್. ಟ್ರೇಲರ್ ಚೆನ್ನಾಗಿಯೇ ಇತ್ತು, ಚೆನ್ನಾಗಿರುವ ಗಾಡಿಯನ್ನು ಎಳೆಯುವುದು ಅವರ ಕೆಲಸ ಅಲ್ಲ. ಎರಡನೇ ಟ್ರಕ್ಕಿಗೆ ಕೈಯಿಂದಲೇ ದುಡ್ಡು ಕೊಟ್ಟೆ. ಊರು ಸೇರುವಾಗ ರಾತ್ರಿ ಹನ್ನೊಂದು. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು.

ಟ್ರೇಲರ್ ಇಟ್ಟುಕೊಂಡವರ ಹತ್ತಿರ ಇರುವುದು ಒಂದು ಗಾಡಿಯಲ್ಲ, ಎರಡು. ಒಂದಕ್ಕೆ ಎಂಜಿನ್ ಇದೆ, ಇನ್ನೊಂದಕ್ಕೆ ಇಲ್ಲ. ವಿಮೆಯಾಗಲಿ, ರಸ್ತೆ ನೆರವಾಗಲಿ, ಕೊಳ್ಳುವ ಮೊದಲು ಕೇಳಬೇಕಾದ ಮುಖ್ಯ ಪ್ರಶ್ನೆ ಒಂದೇ: ಎರಡರಲ್ಲಿ ಒಂದಕ್ಕೆ ಏನಾದರೂ ಆದರೆ ಇನ್ನೊಂದರ ಗತಿ ಏನು? ಕೆಳಗಿನ ಹಂತಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಹಂತ 1: ಮೂರು ಕಾಗದಗಳನ್ನು ಬೇರೆ ಬೇರೆ ಮಾಡಿ

ಟ್ರೇಲರ್ ಕೊಳ್ಳುವ ದಿನ ಡೀಲರ್ ಹತ್ತಿರ ಸಹಿ ಮಾಡುವ ಕಾಗದಗಳ ರಾಶಿಯಲ್ಲಿ ಮೂರು ವಿಷಯ ಕಲಸಿಹೋಗಿರುತ್ತವೆ.

ವಿಮೆ ಅಂದರೆ ಅಪಘಾತ, ಕಳ್ಳತನ, ಬೆಂಕಿ, ಆಲಿಕಲ್ಲು, ಬಿರುಗಾಳಿ ಇಂಥವಕ್ಕೆ. ರಸ್ತೆ ನೆರವು ಅಂದರೆ ದಾರಿಯಲ್ಲಿ ನಿಂತುಹೋದಾಗ ಎಳೆದೊಯ್ಯಲು, ಟೈರ್ ಬದಲಿಸಲು, ಬೀಗ ತೆಗೆಸಲು. ಮೂರನೆಯದು ಎಕ್ಸ್‌ಟೆಂಡೆಡ್ ಸರ್ವೀಸ್ ಕಾಂಟ್ರಾಕ್ಟ್. ಫ್ರಿಜ್, ಏಸಿ, ಕೋಣೆಯ ಭಾಗವನ್ನು ಹೊರಗೆ ಚಾಚುವ ಸ್ಲೈಡ್-ಔಟ್ ಮೋಟರ್ ಕೆಟ್ಟರೆ ರಿಪೇರಿ ಖರ್ಚು ಕೊಡುವ ಒಪ್ಪಂದ ಅದು. ಇದನ್ನು ಮಾತಿನಲ್ಲಿ "ವಾರಂಟಿ" ಅನ್ನುತ್ತಾರೆ, ಆದರೆ ಇದು ತಯಾರಕರ ವಾರಂಟಿ ಅಲ್ಲ. ಇದರ ಜೊತೆಗೆ ಒಂದಿಷ್ಟು ರಸ್ತೆ ನೆರವನ್ನೂ ಸೇರಿಸಿ ಮಾರುತ್ತಾರೆ. ಆಗ ಎಲ್ಲವೂ ಇದೆ ಅಂತ ನಮಗೆ ಅನ್ನಿಸಿಬಿಡುತ್ತದೆ.

ಈಗ ನಿಮ್ಮ ಹತ್ತಿರ ಏನೇನಿದೆ ಅಂತ ಮೊದಲು ನೋಡಿ. ಪಿಕಪ್ ಹೊಸದಾಗಿದ್ದರೆ ಅದರ ತಯಾರಕರ ರಸ್ತೆ ನೆರವು ಇನ್ನೂ ಚಾಲ್ತಿಯಲ್ಲಿ ಇರಬಹುದು. ಕಾರಿನ ವಿಮೆಯಲ್ಲೂ ಇರಬಹುದು, ಕ್ರೆಡಿಟ್ ಕಾರ್ಡಿನಲ್ಲೂ ಇರಬಹುದು. ಇವು ಹೆಚ್ಚಾಗಿ ಪಿಕಪ್‌ಗೆ ಮಾತ್ರ. ಒಂದೇ ಕೆಲಸಕ್ಕೆ ಮೂರು ಕಡೆ ದುಡ್ಡು ಕಟ್ಟಿ, ಟ್ರೇಲರ್‌ಗೆ ಮಾತ್ರ ಎಲ್ಲೂ ಕಟ್ಟದೆ ಇರುವವರು ಬಹಳ ಜನ ಇದ್ದಾರೆ.

ಹಂತ 2: ಒಂದು ಹಾಳೆಯಲ್ಲಿ ಗಾಡಿಯ ವಿವರ ಬರೆದುಕೊಳ್ಳಿ

ಟ್ರೇಲರ್‌ನ 17 ಅಕ್ಷರದ ವಿಐಎನ್ (ಗಾಡಿಯ ಗುರುತಿನ ಸಂಖ್ಯೆ), ತಯಾರಾದ ವರ್ಷ, ಹಿಚ್‌ನಿಂದ (ಪಿಕಪ್‌ಗೆ ಸೇರಿಸುವ ಕೊಂಡಿ) ಹಿಂದಿನ ಬಂಪರ್‌ವರೆಗಿನ ಉದ್ದ, ಏಸಿ ಸೇರಿಸಿ ಎತ್ತರ, ಎಷ್ಟು ಆಕ್ಸಲ್, ಟೈರ್ ಸೈಜ್, ಕೊಂಡಿ ಕೂರುವ ಗುಂಡಿನ, ಅಂದರೆ ಹಿಚ್ ಬಾಲ್‌ನ ಅಳತೆ. ಜೊತೆಗೆ ತುಂಬಿದಾಗಿನ ನಿಜವಾದ ತೂಕ. ಸ್ಟಿಕರ್ ಮೇಲಿನ ಜಿವಿಡಬ್ಲ್ಯುಆರ್ ಗರಿಷ್ಠ ಮಿತಿ ಅಷ್ಟೇ, ನಿಮ್ಮ ತೂಕ ಅಲ್ಲ. ಹೆದ್ದಾರಿ ಪಕ್ಕದ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಅನ್ನುವ ದೊಡ್ಡ ತೂಕದ ಯಂತ್ರ ಇರುತ್ತದೆ. ನೀರು, ಗ್ಯಾಸ್, ಸಾಮಾನು ತುಂಬಿಸಿ ಒಮ್ಮೆ ಅಲ್ಲಿ ತೂಗಿಸಿ. ಹಿಚ್ ಮೇಲೆ ಬೀಳುವ ಭಾರ ಟ್ರೇಲರ್ ತೂಕದ 10ರಿಂದ 15 ಪರ್ಸೆಂಟ್ ಒಳಗೆ ಇದೆಯಾ ಅಂತಲೂ ಆಗಲೇ ತಿಳಿಯುತ್ತದೆ. ಅದು ಕಡಿಮೆಯಾದರೆ ಟ್ರೇಲರ್ ಹಾವಿನಂತೆ ಓಲಾಡಲು ಶುರುಮಾಡುತ್ತದೆ.

ಹಾಳೆಯ ಕೆಳಗೆ ನೀವು ಅದನ್ನು ಹೇಗೆ ಬಳಸುತ್ತೀರಿ ಅಂತ ಬರೆಯಿರಿ. ವರ್ಷಕ್ಕೆ ಎಷ್ಟು ರಾತ್ರಿ, ಯಾವ ರಾಜ್ಯಗಳು, ಕಾಡುದಾರಿಗೆ ಹೋಗುತ್ತೀರಾ, ಚಳಿಗಾಲದಲ್ಲಿ ಎಲ್ಲಿ ನಿಲ್ಲಿಸುತ್ತೀರಿ, ಬೇರೆಯವರಿಗೆ ಬಾಡಿಗೆಗೆ ಕೊಡುತ್ತೀರಾ. ಸುಮ್ನೆ ಔಪಚಾರಿಕತೆ ಅಂದುಕೊಳ್ಳಬೇಡಿ. ಮುಂದೆ ವಿಮೆ ಸಿಗುವುದು, ಸಿಗದಿರುವುದು ಈ ಉತ್ತರಗಳ ಮೇಲೆಯೇ ನಿಂತಿದೆ.

ಹಂತ 3: ಮೊದಲು ವಿಮೆ ಸರಿ ಮಾಡಿಕೊಳ್ಳಿ

ನಿಂತುಹೋದ ಗಾಡಿಯಿಂದ ಒಂದು ರಾತ್ರಿ ಹಾಳಾಗಬಹುದು. ಮಗುಚಿಬಿದ್ದ ಗಾಡಿಯಿಂದ ವರ್ಷಗಳ ಉಳಿತಾಯವೇ ಹೋಗಬಹುದು. ಅದಕ್ಕೇ ವಿಮೆ ಮೊದಲು ಅನ್ನುತ್ತೇನೆ.

ಕೇಳಿಬರುವ ದೊಡ್ಡ ತಪ್ಪು ಕಲ್ಪನೆ ಇದು: "ಪಿಕಪ್‌ಗೆ ವಿಮೆ ಇದೆಯಲ್ಲ, ಹಿಂದೆ ಕಟ್ಟಿಕೊಂಡಿದ್ದಕ್ಕೂ ಅದೇ ಆಗುತ್ತೆ." ಅರ್ಧ ಮಾತ್ರ ನಿಜ. ಎಳೆದುಕೊಂಡು ಹೋಗುವಾಗ ನಿಮ್ಮ ಟ್ರೇಲರ್ ಇನ್ನೊಬ್ಬರ ಕಾರಿಗೆ ಗುದ್ದಿದರೆ, ಸಾಮಾನ್ಯವಾಗಿ ಪಿಕಪ್‌ನ ಲಯಬಿಲಿಟಿ ವಿಮೆ ಅವರ ನಷ್ಟ ಕೊಡುತ್ತದೆ. ಆದರೆ ನಿಮ್ಮ ಟ್ರೇಲರ್‌ಗೇ ಆದ ಹಾನಿಗೆ ಅದು ಒಂದು ಪೈಸೆಯನ್ನೂ ಕೊಡದೆ ಇರಬಹುದು. ಅದಕ್ಕೆ ಟ್ರೇಲರ್ ಹೆಸರಿನಲ್ಲೇ ಕೊಲಿಷನ್ ಮತ್ತು ಕಾಂಪ್ರಹೆನ್ಸಿವ್ ಬೇಕು. ಡಿಕ್ಕಿ, ಮಗುಚುವುದು ಕೊಲಿಷನ್‌ಗೆ ಸೇರುತ್ತವೆ. ಕಳ್ಳತನ, ಬೆಂಕಿ, ಆಲಿಕಲ್ಲು, ನೆರೆ, ಮೇಲೆ ಬಿದ್ದ ಮರ ಕಾಂಪ್ರಹೆನ್ಸಿವ್‌ಗೆ ಸೇರುತ್ತವೆ. ಸಾಲ ಮಾಡಿ ಕೊಂಡಿದ್ದರೆ ಬ್ಯಾಂಕಿನವರು ಎರಡನ್ನೂ ಕೇಳಿಯೇ ಕೇಳುತ್ತಾರೆ. ಪೂರ್ತಿ ದುಡ್ಡು ಕೊಟ್ಟು ಕೊಂಡವರಿಗೆ ಮಾತ್ರ ಯಾರೂ ನೆನಪಿಸುವುದಿಲ್ಲ.

ಮುಂದಿನ ಪ್ರಶ್ನೆ, ಟ್ರೇಲರ್ ಪೂರ್ತಿ ಹಾಳಾದರೆ ಎಷ್ಟು ಕೊಡುತ್ತಾರೆ ಅನ್ನುವುದು. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಒಂದು ಟ್ರೇಲರ್ ಅನ್ನು 40,000 ಡಾಲರಿಗೆ ಕೊಂಡಿರಿ ಅಂದುಕೊಳ್ಳಿ. ನಾಲ್ಕು ವರ್ಷದ ಮೇಲೆ ಮಾರುಕಟ್ಟೆಯಲ್ಲಿ ಅದರ ಬೆಲೆ 24,000. ಸಾಲ ಇನ್ನೂ 29,000 ಬಾಕಿ. ಟ್ರೇಲರ್ ಸಾಲಗಳು ಹತ್ತು, ಹದಿನೈದು ವರ್ಷದವು, ಹಾಗಾಗಿ ಇದು ಅಪರೂಪದ ಸ್ಥಿತಿ ಏನಲ್ಲ. ಪಾಲಿಸಿ "ಆ್ಯಕ್ಚುವಲ್ ಕ್ಯಾಶ್ ವ್ಯಾಲ್ಯೂ" ಥರದ್ದಾದರೆ ಆ ದಿನದ ಬೆಲೆಯಲ್ಲಿ ಡಿಡಕ್ಟಿಬಲ್ (ನಷ್ಟದಲ್ಲಿ ನಾವೇ ಹೊರಬೇಕಾದ ಪಾಲು) ಕಳೆದು ಕೊಡುತ್ತಾರೆ. ಡಿಡಕ್ಟಿಬಲ್ 1,000 ಆದರೆ ಬರುವುದು 23,000. ಟ್ರೇಲರ್ ಇಲ್ಲ, ಮೇಲಿಂದ ಬ್ಯಾಂಕಿಗೆ 6,000 ಬಾಕಿ. "ಅಗ್ರೀಡ್ ವ್ಯಾಲ್ಯೂ" ಆದರೆ ಪಾಲಿಸಿ ಮಾಡುವಾಗಲೇ ಒಪ್ಪಿಕೊಂಡ ಮೊತ್ತ ಸಿಗುತ್ತದೆ. "ಟೋಟಲ್ ಲಾಸ್ ರಿಪ್ಲೇಸ್‌ಮೆಂಟ್" ಆದರೆ ಅದೇ ಥರದ ಹೊಸ ಟ್ರೇಲರ್‌ಗೆ ಆಗುವಷ್ಟು. ಈ ಕೊನೆಯದು ಹೆಚ್ಚಾಗಿ ಹೊಸ ಗಾಡಿಗೆ, ಮೊದಲ ಕೆಲವು ವರ್ಷಗಳಿಗೆ ಮಾತ್ರ. ಸಾಲ ಇರುವ ಹೊಸ ಟ್ರೇಲರ್‌ಗೆ ಪ್ರೀಮಿಯಂ ಸ್ವಲ್ಪ ಜಾಸ್ತಿಯಾದರೂ ಕೊನೆಯ ಎರಡರಲ್ಲಿ ಒಂದನ್ನು ತಗೊಳ್ಳಿ ಅನ್ನುತ್ತೇನೆ. ಸಾಲ ತೀರಿದ, ಹತ್ತು ವರ್ಷ ಹಳೆಯ ಗಾಡಿಗೆ ಮೊದಲನೆಯದೇ ಸಾಕು.

ಇನ್ನು ನೀರು. ಟ್ರೇಲರ್‌ಗಳನ್ನು ಕೊಲ್ಲುವುದು ಅಪಘಾತಕ್ಕಿಂತ ಜಾಸ್ತಿ ಸೋರಿಕೆ. ಚಾವಣಿಯ ಅಂಚಿನಲ್ಲಿ, ಕಿಟಕಿ ಸುತ್ತ, ವೆಂಟ್ ಸುತ್ತ ಹಚ್ಚಿರುವ ಸೀಲೆಂಟ್ ಬಿರುಕು ಬಿಟ್ಟು ಹನಿ ಹನಿ ನೀರು ಒಳಗೆ ಇಳಿಯುತ್ತದೆ. ಹೊರಗೆ ಕಾಣುವ ಹೊತ್ತಿಗೆ ಒಳಗಿನ ಮರ ಕೊಳೆತಿರುತ್ತದೆ. ಇದಕ್ಕೆ ಸಾಮಾನ್ಯ ಪಾಲಿಸಿ ದುಡ್ಡು ಕೊಡುವುದಿಲ್ಲ. ಏಕಾಏಕಿ ಆದ ಹಾನಿ ಬೇರೆ, ನಿಧಾನವಾಗಿ ಸವೆದಿದ್ದು ಬೇರೆ ಅನ್ನುವುದು ಅವರ ನಿಯಮ. ಕೊಳೆತ, ಬೂಷ್ಟು, ಇಲಿ ಕಡಿದ ವೈರ್ ಎಲ್ಲ ಸಾಮಾನ್ಯವಾಗಿ ಹೊರಗಿಟ್ಟ ಪಟ್ಟಿಯಲ್ಲೇ ಇರುತ್ತವೆ. ಕೆಲವು ಕಂಪನಿಗಳಲ್ಲಿ ಚಾವಣಿಗೆ ಬೇರೆಯಾಗಿ ರಕ್ಷಣೆ ಸಿಗುತ್ತದೆ, ಕೇಳಿ ನೋಡಿ. ಅದು ಇರಲಿ, ಇಲ್ಲದಿರಲಿ, ಚಾವಣಿ ಹತ್ತಿ ನೋಡುವುದನ್ನು ಬಿಡಬೇಡಿ. ಹಲವು ತಯಾರಕರ ಕೈಪಿಡಿಗಳು ಮೂರು ತಿಂಗಳಿಗೊಮ್ಮೆ ಸೀಲೆಂಟ್ ನೋಡಿ ಅನ್ನುತ್ತವೆ. ನೋಡಿದ ದಿನ ನಾಲ್ಕು ಫೋಟೋ ತೆಗೆದಿಡಿ. ನಾಳೆ ಬಿರುಗಾಳಿಗೆ ಚಾವಣಿ ಕಿತ್ತುಹೋದರೆ, ನಿನ್ನೆವರೆಗೆ ಚೆನ್ನಾಗಿತ್ತು ಅನ್ನುವುದಕ್ಕೆ ಆ ಫೋಟೋ ಬೇಕಾಗುತ್ತದೆ.

ಕ್ಯಾಂಪಿನಲ್ಲಿ ಬಿಚ್ಚಿ ನಿಲ್ಲಿಸಿದ ಮೇಲೆ ಟ್ರೇಲರ್ ವಾಹನಕ್ಕಿಂತ ಮನೆಯಂತೆ ಆಗುತ್ತದೆ. ಪಕ್ಕದವರು ಮಾತಾಡಿಸಲು ಬಂದು ನಿಮ್ಮ ಮೆಟ್ಟಿಲಲ್ಲಿ ಜಾರಿ ಬಿದ್ದರೆ ಪಿಕಪ್‌ನ ವಿಮೆ ನೆರವಿಗೆ ಬರುವುದಿಲ್ಲ. ಅದಕ್ಕೆ "ವೆಕೇಷನ್ ಲಯಬಿಲಿಟಿ" ಅಂತ ಇದೆ. ಟ್ರೇಲರೇ ನಿಮ್ಮ ಮನೆ ಆಗಿದ್ದರೆ "ಫುಲ್-ಟೈಮರ್" ಪಾಲಿಸಿ ಬೇಕು. ಹಲವು ಕಂಪನಿಗಳು ವರ್ಷಕ್ಕೆ ಆರು ತಿಂಗಳಿಗಿಂತ ಜಾಸ್ತಿ ವಾಸ ಇದ್ದರೆ ಹಾಗೆ ಲೆಕ್ಕ ಹಿಡಿಯುತ್ತವೆ. ವಾಸ ಇದ್ದೂ ಇಲ್ಲ ಅಂತ ಹೇಳಿ ಪ್ರೀಮಿಯಂ ಉಳಿಸಲು ಹೋಗಬೇಡಿ. ಕ್ಲೇಮ್ ಬಂದ ದಿನ ಮೊದಲು ವಿಚಾರಿಸುವುದೇ ಅದನ್ನ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಒಳಗಿನ ಸಾಮಾನಿಗೆ ಪಾಲಿಸಿಯಲ್ಲಿ ಬೇರೆಯೇ ಮಿತಿ ಇರುತ್ತದೆ. ಲ್ಯಾಪ್‌ಟಾಪ್, ಕ್ಯಾಮೆರಾ, ಸೈಕಲ್ ಸೇರಿಸಿ ಒಮ್ಮೆ ಕೂಡಿ ನೋಡಿ. ಆರ್‌ವಿಶೇರ್, ಔಟ್‌ಡೋರ್ಸಿ ಥರದ ಜಾಲತಾಣಗಳಲ್ಲಿ ಬಾಡಿಗೆಗೆ ಬಿಟ್ಟರೆ ನಿಮ್ಮ ಸ್ವಂತ ಪಾಲಿಸಿ ಆ ದಿನಗಳಿಗೆ ಸಾಮಾನ್ಯವಾಗಿ ನಿಂತುಹೋಗುತ್ತದೆ, ಬೇರೆ ವಿಮೆ ಇರಲೇಬೇಕು. ಕೆನಡಾಕ್ಕೆ ಹೋಗುವುದಾದರೆ ಅಮೆರಿಕದ ಪಾಲಿಸಿ ಹೆಚ್ಚಾಗಿ ನಡೆಯುತ್ತದೆ. ಕಂಪನಿಯಿಂದ ಕೆನಡಾಕ್ಕೆ ಬೇಕಾದ ವಿಮಾ ಕಾರ್ಡ್ ತರಿಸಿಕೊಳ್ಳಿ. ಮೆಕ್ಸಿಕೋ ಹಾಗಲ್ಲ. ಅಮೆರಿಕದ ಲಯಬಿಲಿಟಿಗೆ ಅಲ್ಲಿ ಬೆಲೆ ಇಲ್ಲ, ಆ ದೇಶದ ಕಂಪನಿಯ ಪಾಲಿಸಿಯೇ ಬೇಕು. ಚಳಿಗಾಲದಲ್ಲಿ ಗಾಡಿ ನಿಂತಿರುತ್ತೆ ಅಂತ ಕೊಲಿಷನ್ ನಿಲ್ಲಿಸಿದರೂ ಕಾಂಪ್ರಹೆನ್ಸಿವ್ ಮಾತ್ರ ನಿಲ್ಲಿಸಬೇಡಿ. ಕಳ್ಳರಿಗೂ ಆಲಿಕಲ್ಲಿಗೂ ಗಾಡಿ ಓಡುತ್ತಿರಬೇಕು ಅಂತ ಇಲ್ಲ.

ಹಂತ 4: ರಸ್ತೆ ನೆರವನ್ನು ಆರಿಸುವುದು

ಪ್ಲಾನ್‌ಗಳು ಮೂರು ಕಡೆಯಿಂದ ಸಿಗುತ್ತವೆ. ವಿಮೆಯ ಜೊತೆಗೆ ಸೇರಿಸಿಕೊಳ್ಳುವುದು ಒಂದು. ಇದು ಹೆಚ್ಚಾಗಿ ಅಗ್ಗ. ಆದರೆ ಕರೆ ಮಾಡಿದ್ದು ನಿಮ್ಮ ಕ್ಲೇಮ್ ಲೆಕ್ಕಕ್ಕೆ ಸೇರುತ್ತದಾ ಅಂತ ಕೇಳಿಕೊಳ್ಳಿ. ಎರಡನೆಯದು ಟ್ರಿಪಲ್-ಎ ಥರದ ವಾಹನ ಕ್ಲಬ್. 1902ರಲ್ಲಿ ಶುರುವಾದ ಸಂಸ್ಥೆ ಅದು, ಪ್ರಾದೇಶಿಕ ಕ್ಲಬ್‌ಗಳ ಒಕ್ಕೂಟ. ಹಾಗಾಗಿ ನಿಯಮ ಕ್ಲಬ್‌ನಿಂದ ಕ್ಲಬ್‌ಗೆ ಬದಲಾಗುತ್ತದೆ. ಅಲ್ಲಿ ಸದಸ್ಯತ್ವ ಇರುವುದು ಮನುಷ್ಯನಿಗೆ, ಗಾಡಿಗಲ್ಲ. ಗೆಳೆಯನ ಕಾರಿನಲ್ಲಿ ಹೋಗುವಾಗಲೂ ನಡೆಯುತ್ತದೆ, ಅದು ಒಳ್ಳೆಯದು. ಆದರೆ ಬರೀ ಕ್ಲಾಸಿಕ್, ಅಂದರೆ ಕೆಳಗಿನ ದರ್ಜೆಯ ಸದಸ್ಯತ್ವ ಇಟ್ಟುಕೊಂಡು ಟ್ರೇಲರ್‌ಗೂ ಆಗುತ್ತೆ ಅಂತ ನಂಬಬೇಡಿ. ಆರ್‌ವಿಗೆ ಅಂತ ಇರುವ ಮೇಲಿನ ದರ್ಜೆ ಬೇಕಾಗುತ್ತದೆ. ಮೂರನೆಯದು ಗುಡ್ ಸ್ಯಾಮ್, ಕೋಚ್-ನೆಟ್ ಥರ ಆರ್‌ವಿ ಜನರಿಗಾಗಿಯೇ ಇರುವ ಪ್ಲಾನ್‌ಗಳು.

ಎಳೆಯುವ ದೂರವನ್ನು ಒಬ್ಬೊಬ್ಬರು ಒಂದೊಂದು ರೀತಿ ಲೆಕ್ಕ ಹಾಕುತ್ತಾರೆ. ಟ್ರಿಪಲ್-ಎ ಪ್ಲಸ್ ದರ್ಜೆಯಲ್ಲಿ ಸಾಮಾನ್ಯವಾಗಿ 100 ಮೈಲಿ. ಆರ್‌ವಿ ಪ್ಲಾನ್‌ಗಳಲ್ಲಿ ಹೆಚ್ಚಾಗಿ ಮೈಲಿ ಮಿತಿ ಇಲ್ಲ, ಆದರೆ "ಹತ್ತಿರದ ಸೂಕ್ತ ಗ್ಯಾರೇಜ್‌ವರೆಗೆ" ಅಂತ ಇರುತ್ತದೆ. ಹತ್ತಿರದ್ದು ಯಾವುದು ಅಂತ ತೀರ್ಮಾನ ಮಾಡುವವರು ಅವರು, ನೀವಲ್ಲ. ಮನೆ ಹತ್ತಿರ ನಂಬಿಕೆಯ ಮೆಕ್ಯಾನಿಕ್ ಇದ್ದು ವಾರಾಂತ್ಯಕ್ಕೆ 80 ಮೈಲಿ ಒಳಗೆ ಮಾತ್ರ ಓಡಾಡುವವರಿಗೆ ಮೈಲಿ ಲೆಕ್ಕದ್ದೇ ಒಳ್ಳೆಯದು, ಮನೆಗೇ ಎಳೆಸಿಕೊಳ್ಳಬಹುದು. ನೆವಾಡಾ, ಮೊಂಟಾನಾ ಕಡೆಯ ಖಾಲಿ ರಸ್ತೆಗಳಲ್ಲಿ ಓಡಾಡುವವರಿಗೆ ಮೈಲಿ ಮಿತಿ ಇಲ್ಲದ್ದೇ ಸರಿ. ಅಲ್ಲಿ ಹತ್ತಿರದ ಗ್ಯಾರೇಜ್ ಅನ್ನುವುದೇ ನೂರು ಮೈಲಿ ದಾಟಬಹುದು.

ಟ್ರೇಲರ್ ಎಳೆಯಲು ಎಲ್ಲ ಟೋ ಟ್ರಕ್ಕಿಗೂ ಆಗುವುದಿಲ್ಲ, ಯಾಕೆ ಅಂತ ತಿಳಿದಿರಲಿ. ಟ್ರೇಲರ್ ಸರಿಯಾಗಿದ್ದು ಪಿಕಪ್ ಮಾತ್ರ ಕೆಟ್ಟಿದ್ದರೆ, ಬಂದ ಟ್ರಕ್ಕಿನಲ್ಲಿ ಸರಿಯಾದ ಅಳತೆಯ ಬಾಲ್, ಏಳು ಪಿನ್ನಿನ ವೈರ್ ಸಾಕೆಟ್, ಟ್ರೇಲರ್‌ನ ಬ್ರೇಕ್ ಹಿಡಿಸುವ ಬ್ರೇಕ್ ಕಂಟ್ರೋಲರ್ ಇರಬೇಕು. ಟ್ರೇಲರ್‌ನ ಆಕ್ಸಲ್ಲೋ ಬೇರಿಂಗೋ ಹೋಗಿದ್ದರೆ ಅದನ್ನು ಹೊತ್ತೊಯ್ಯಬೇಕು. 11 ಅಡಿ ಎತ್ತರದ ಟ್ರೇಲರ್ ಅನ್ನು ಮೂರೂವರೆ ಅಡಿ ಎತ್ತರದ ಸಾಮಾನ್ಯ ಫ್ಲ್ಯಾಟ್‌ಬೆಡ್ ಟ್ರಕ್ಕಿನ ಮೇಲೆ ಇಟ್ಟರೆ ಹದಿನಾಲ್ಕೂವರೆ ಅಡಿ ಆಯಿತು. ಬಹಳಷ್ಟು ರಾಜ್ಯಗಳಲ್ಲಿ ರಸ್ತೆಯ ಎತ್ತರದ ಮಿತಿ 13 ಅಡಿ 6 ಇಂಚು. ಅಂದರೆ ನೆಲಕ್ಕೆ ಹತ್ತಿರ ಇರುವ ಲೋ-ಬೆಡ್ ಗಾಡಿಯೇ ಬರಬೇಕು. ಅದು ಪ್ರತಿ ಊರಿನಲ್ಲೂ ಇರುವುದಿಲ್ಲ. ನೀವು ಹಂತ 2ರಲ್ಲಿ ಬರೆದ ಎತ್ತರ, ಉದ್ದ, ತೂಕವನ್ನು ಫೋನಿನಲ್ಲಿ ಮೊದಲೇ ಹೇಳಿದರೆ ತಪ್ಪು ಗಾಡಿ ಬಂದು ವಾಪಸ್ ಹೋಗುವುದು ತಪ್ಪುತ್ತದೆ.

ಟೈರ್ ವಿಷಯ ಇನ್ನೊಂದು. ರಸ್ತೆ ನೆರವಿನವರು ಸ್ಟೆಪ್ನಿ ಹಾಕಿಕೊಡುತ್ತಾರೆ, ಟೈರ್ ಕೊಡುವುದಿಲ್ಲ. ಸ್ಟೆಪ್ನಿ ಇಲ್ಲದಿದ್ದರೆ ಕೆಲವು ಪ್ಲಾನ್‌ನವರು ಟೈರ್ ತಂದುಕೊಡುತ್ತಾರೆ, ಟೈರ್‌ನ ದುಡ್ಡು ನಿಮ್ಮದೇ. ಟ್ರೇಲರ್‌ಗೆ ಬೇಕಾದ ಎಸ್‌ಟಿ ಟೈರ್ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಹಾಗಾಗಿ ಒಳ್ಳೆಯ ಸ್ಟೆಪ್ನಿ ಇಟ್ಟುಕೊಳ್ಳುವುದಕ್ಕೆ ಬದಲಿ ಇಲ್ಲ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಅಂತಿದ್ದರೆ 2019ನೇ ವರ್ಷದ 23ನೇ ವಾರ ತಯಾರಾಗಿದ್ದು. ಟ್ರೇಲರ್ ಟೈರ್‌ಗಳು ಸವೆದು ಸಾಯುವುದಕ್ಕಿಂತ ಬಿಸಿಲಿಗೆ ನಿಂತು ನಿಂತು ವಯಸ್ಸಾಗಿ ಸಾಯುವುದೇ ಜಾಸ್ತಿ. ಗೆರೆ ಚೆನ್ನಾಗಿ ಕಂಡರೂ ಐದಾರು ವರ್ಷಕ್ಕೆ ಬದಲಿಸಿ. ಎರಡು ಆಕ್ಸಲ್ ಇರುವ ಗಾಡಿಯಲ್ಲಿ ಒಂದು ಟೈರ್ ಸಿಡಿದರೆ ಅದೇ ಬದಿಯ ಇನ್ನೊಂದು ಟೈರ್ ಅಷ್ಟೂ ಭಾರ ಹೊತ್ತಿರುತ್ತದೆ, ಅದನ್ನೂ ತೋರಿಸಿ. ಸಿಡಿದ ಟೈರ್‌ನ ಪಟ್ಟಿ ಚಾವಟಿಯಂತೆ ಬಡಿದು ಫೆಂಡರ್, ಕೆಳಗಿನ ವೈರ್, ನೀರಿನ ಪೈಪ್ ಹರಿದಿದ್ದರೆ ಅದು ವಿಮೆಯ ವಿಷಯ. ಹೆಚ್ಚಾಗಿ ಕೊಲಿಷನ್ ಕೆಳಗೆ ಬರುತ್ತದೆ, ಟೈರ್ ಮಾತ್ರ ಬರುವುದಿಲ್ಲ.

ಕಾಡಿನ ಮಣ್ಣು ದಾರಿಗೆ ಹೋಗುವವರು ಒಂದು ಸಾಲು ಹುಡುಕಿ ಓದಿ. ಪ್ಲಾನ್‌ಗಳು ನಿರ್ವಹಣೆ ಇರುವ ರಸ್ತೆಗೆ ಮಾತ್ರ ಬರುತ್ತವೆ. ಕೆಸರಿನಲ್ಲಿ ಹೂತರೆ ರಸ್ತೆಯಿಂದ ಇಷ್ಟು ಅಡಿ ಒಳಗೆ ಅನ್ನುವ ಮಿತಿ ಇರುತ್ತದೆ.

ಹಂತ 5: ಫೋನ್ ಮಾಡಿ, ಉತ್ತರ ಬರೆಸಿಕೊಳ್ಳಿ

ಕನಿಷ್ಠ ಮೂರು ಕಡೆ ಕೇಳಿ. ಎಲ್ಲರಿಗೂ ಅವೇ ಪ್ರಶ್ನೆ:

- ಪಿಕಪ್ ಮಾತ್ರ ಕೆಟ್ಟರೆ ಟ್ರೇಲರ್ ಅನ್ನೂ ಎಳೆಯುತ್ತೀರಾ? ಎರಡು ಟ್ರಕ್ ಬೇಕಾದರೆ ಎರಡಕ್ಕೂ ನೀವೇ ಕೊಡುತ್ತೀರಾ? ಟ್ರೇಲರ್ ಅನ್ನು ಎಲ್ಲಿ ಬಿಡುತ್ತೀರಿ, ಗ್ಯಾರೇಜಿಗಾ, ಕ್ಯಾಂಪಿಗಾ?
- ಟ್ರೇಲರ್ ಮಾತ್ರ ಕೆಟ್ಟರೆ? ನನ್ನ ಉದ್ದ, ತೂಕಕ್ಕೆ ಮಿತಿ ಇದೆಯಾ?
- ಬೇರೆಯವರ ಪಿಕಪ್‌ನಲ್ಲಿ, ಬಾಡಿಗೆ ಪಿಕಪ್‌ನಲ್ಲಿ ಎಳೆಯುತ್ತಿದ್ದರೆ?
- ಹೆಂಡತಿ, ಗಂಡ, ಮಕ್ಕಳು ಓಡಿಸುತ್ತಿದ್ದರೆ?
- ನಿಮ್ಮವರು ಯಾರೂ ಸಿಗದೆ ನಾನೇ ಟ್ರಕ್ ಕರೆಸಿದರೆ ದುಡ್ಡು ವಾಪಸ್ ಕೊಡುತ್ತೀರಾ? ಮೊದಲು ಅನುಮತಿ ಬೇಕಾ?
- ರಿಪೇರಿ ಮುಗಿಯುವವರೆಗೆ ಹೋಟೆಲ್ ಖರ್ಚು ಇದೆಯಾ? ಮನೆಯಿಂದ ಎಷ್ಟು ದೂರ ಇದ್ದರೆ?

ಮೊದಲ ಪ್ರಶ್ನೆಗೆ "ಹೂಂ, ಆಗುತ್ತೆ" ಅಂತ ಬಾಯಿಮಾತಿನಲ್ಲಿ ಹೇಳಿದರೆ ಒಪ್ಪಬೇಡಿ. ನನಗೂ ಹಾಗೇ ಹೇಳಿದ್ದರು. ಅದು ಒಪ್ಪಂದದ ಯಾವ ಪುಟದಲ್ಲಿದೆ ಅಂತ ಕೇಳಿ, ಇಮೇಲ್ ಮಾಡಿಸಿಕೊಳ್ಳಿ. ಮಾರುವವರಿಗೆ ಸಿಟ್ಟು ಬಂದರೆ ಬರಲಿ.

ಹಂತ 6: ಕಂಪನಿಯನ್ನೂ ಪರೀಕ್ಷಿಸಿ

ವಿಮೆಯನ್ನು ನಿಯಂತ್ರಿಸುವುದು ಆಯಾ ರಾಜ್ಯ. ನಿಮ್ಮ ರಾಜ್ಯದ ವಿಮಾ ಇಲಾಖೆಯ ಜಾಲತಾಣದಲ್ಲಿ ಕಂಪನಿಗೂ ಏಜೆಂಟಿಗೂ ಲೈಸೆನ್ಸ್ ಇದೆಯಾ ನೋಡಿ. ಎನ್‌ಎಐಸಿ ಅನ್ನುವ ರಾಜ್ಯ ವಿಮಾ ಆಯುಕ್ತರ ಸಂಘದ ತಾಣದಲ್ಲಿ ಕಂಪನಿಯ ಮೇಲೆ ಬಂದ ದೂರುಗಳ ಲೆಕ್ಕ ಸಿಗುತ್ತದೆ. ವಿಮಾ ಕಂಪನಿಗಳನ್ನು ಅಳೆಯುವ ಎಎಮ್ ಬೆಸ್ಟ್ ಸಂಸ್ಥೆಯ ರೇಟಿಂಗ್ ನೋಡಿದರೆ ಕ್ಲೇಮ್ ಕೊಡುವ ಶಕ್ತಿ ಎಷ್ಟು ಅಂತ ತಿಳಿಯುತ್ತದೆ. ಇಷ್ಟಕ್ಕೆ ಅರ್ಧ ಗಂಟೆ ಸಾಕು. ಹಳೆಯ ಟ್ರೇಲರ್ ಕೊಳ್ಳುವವರು, ವಿಮಾ ವಂಚನೆ ತಡೆಯುವ ಸಂಸ್ಥೆಯಾದ ಎನ್‌ಐಸಿಬಿಯ ಉಚಿತ ವಿನ್‌ಚೆಕ್‌ನಲ್ಲಿ ಅದು ಕದ್ದ ಗಾಡಿಯಾ ಅಂತ ನೋಡಬಹುದು. ರೀಕಾಲ್ ಇದೆಯಾ, ಅಂದರೆ ದೋಷ ಸರಿಪಡಿಸಲು ತಯಾರಕರು ಗಾಡಿಯನ್ನು ವಾಪಸ್ ಕರೆದಿದ್ದಾರಾ ಅನ್ನುವುದನ್ನು ಎನ್‌ಎಚ್‌ಟಿಎಸ್‌ಎ ಅನ್ನುವ ಸರ್ಕಾರಿ ರಸ್ತೆ ಸುರಕ್ಷತಾ ಸಂಸ್ಥೆಯ ತಾಣದಲ್ಲಿ ನೋಡಿ.

ಹಂತ 7: ಹೊರಡುವ ಮೊದಲು, ನಿಂತುಹೋದ ಮೇಲೆ

ಎಲ್ಲವನ್ನೂ ಫೋನಿನಲ್ಲಿ ಮಾತ್ರ ಇಡಬೇಡಿ. ಸಿಗ್ನಲ್ ಇಲ್ಲದ ಕಡೆಯೇ ಗಾಡಿ ನಿಲ್ಲುವುದು. ಹಂತ 2ರ ಹಾಳೆ, ಪಾಲಿಸಿ ನಂಬರ್, ನೆರವಿನ ನಂಬರ್ ಪಿಕಪ್‌ನ ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಕಾಗದದಲ್ಲೇ ಇರಲಿ.

ನಿಂತುಹೋದಾಗ ಜೀವ ಮೊದಲು. ಟ್ರಕ್‌ಗಳು ಓಡಾಡುವ ಬದಿಗೆ ಇಳಿಯಬೇಡಿ, ಸಾಧ್ಯವಾದರೆ ತಡೆಬೇಲಿಯ ಆಚೆಗೆ ಹೋಗಿ ನಿಲ್ಲಿ. ಅಪಾಯದ ಜಾಗ ಅನ್ನಿಸಿದರೆ ಮೊದಲು 911. ಆಮೇಲೆ ಪ್ಲಾನ್‌ನವರಿಗೆ ಫೋನ್ ಮಾಡಿ ಹೆದ್ದಾರಿ ನಂಬರ್, ಯಾವ ದಿಕ್ಕು, ಮೈಲಿ ಕಲ್ಲಿನ ನಂಬರ್ ಹೇಳಿ. ಕರೆ ಮುಗಿಸುವ ಮೊದಲು ಒಂದು ಮಾತು: "ಎರಡು ಗಾಡಿ ಇವೆ, ಎರಡೂ ಆರ್ಡರಿನಲ್ಲಿ ಸೇರಿವೆಯಾ?" ರೆಫರೆನ್ಸ್ ನಂಬರ್, ಮಾತಾಡಿದವರ ಹೆಸರು, ಹೊತ್ತು ಬರೆದಿಟ್ಟುಕೊಳ್ಳಿ. ಅವರನ್ನು ಕೇಳದೆ ಹಾದುಹೋಗುವ ಟ್ರಕ್ಕಿಗೆ ಒಪ್ಪಿದರೆ ಆ ಬಿಲ್ ನಿಮ್ಮ ಮೇಲೇ ಬೀಳಬಹುದು.

ಪಿಕಪ್ ಬದಲಿಸಿದಾಗ ಮತ್ತೆ ಫೋನ್ ಮಾಡಿ, ಪ್ಲಾನ್ ಹಳೆಯ ಪಿಕಪ್ ಹೆಸರಿನಲ್ಲೇ ಉಳಿದುಬಿಡಬಹುದು. ನಾನು ಈಗ ವರ್ಷಕ್ಕೊಮ್ಮೆ, ರಿನ್ಯೂ ಮಾಡುವ ಮುಂಚಿನ ವಾರ, ಅದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತೇನೆ. ಉತ್ತರ ಬಂದ ಇಮೇಲನ್ನು ಪ್ರಿಂಟ್ ಮಾಡಿ, ಹಳೆಯದನ್ನು ತೆಗೆದು, ಅದೇ ಪೆಟ್ಟಿಗೆಯಲ್ಲಿ ಇಡುತ್ತೇನೆ. ಅದರಲ್ಲಿ ಪಿಕಪ್ ಹೆಸರೂ ಇರುತ್ತದೆ, ಟ್ರೇಲರ್ ಹೆಸರೂ ಇರುತ್ತದೆ.